ಕೂಸನ್ನು ಎದೆಗೆ ಕಟ್ಟಿಕೊಳ್ಳಿ ಅಂತಾರೆ, ಮಿಷನ್ ಸಾಲದು ಅಂತಾನಾ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನಮ್ಮ ಅತ್ತಿಗೆಗೆ 32ನೇ ವಾರಕ್ಕೇ ಹೆರಿಗೆ ಆಯಿತು. ಹೆಣ್ಣು ಮಗು, 1.6 ಕೆ.ಜಿ. ಜಿಲ್ಲಾ ಆಸ್ಪತ್ರೆಯ ಎಸ್‌ಎನ್‌ಸಿಯುನಲ್ಲಿ (ನವಜಾತ ಶಿಶುಗಳ ವಿಶೇಷ ಆರೈಕೆ ಘಟಕ) ಇಟ್ಟಿದ್ದಾರೆ. ಇವತ್ತಿಗೆ ಐದು ದಿನ. ಉಸಿರಾಟ ಚೆನ್ನಾಗಿದೆ, ಪೈಪ್‌ನಲ್ಲಿ ಹಾಲು ಹೋಗುತ್ತಿದೆ. ನಿನ್ನೆಯಿಂದ ಸಿಸ್ಟರ್ ಮಗುವನ್ನು ಕಾವು ಕೊಡುವ ಮಿಷನ್‌ನಿಂದ (ವಾರ್ಮರ್) ತೆಗೆದು ಅತ್ತಿಗೆಯ ಬರಿ ಎದೆಗೆ ಕಟ್ಟಿ ಕೂರಿಸುತ್ತಿದ್ದಾರೆ. ಎಷ್ಟು ಹೊತ್ತು ಆಗುತ್ತೋ ಅಷ್ಟು ಹೊತ್ತು ಹೀಗೇ ಇರಲಿ ಅಂತಾರೆ. ನಮ್ಮವ್ವನಿಗೆ ಇದು ಸರಿ ಬರುತ್ತಿಲ್ಲ. "ಬೆಚ್ಚಗೆ ಮಲಗಿದ್ದ ಕೂಸನ್ನ ಯಾಕೆ ಎಬ್ಬಿಸ್ತಾರೆ, ಬೇರೆ ಕೂಸಿಗೆ ಮಿಷನ್ ಬೇಕಾಗಿರಬೇಕು" ಅಂತಿದ್ದಾಳೆ. ಖಾಸಗಿ ಆಸ್ಪತ್ರೆಗೆ ಸೇರಿಸೋಣ ಅಂತ ಅಣ್ಣ ಸಾಲಕ್ಕೆ ಓಡಾಡುತ್ತಿದ್ದಾನೆ. ಗೊತ್ತಿರುವವರು ದಯವಿಟ್ಟು ಹೇಳಿ.

ಉತ್ತರ (ನರ್ಸಿಂಗ್ ಆಫೀಸರ್, ನವಜಾತ ಶಿಶು ವಿಭಾಗ):
ಮೊದಲು ನಿಮ್ಮ ಅಣ್ಣನಿಗೆ ಫೋನ್ ಮಾಡಿ, ಇದಕ್ಕಾಗಿ ಸಾಲ ಮಾಡುವುದು ಬೇಡ ಅಂತ ಹೇಳಿ. ಮಗುವಿಗೆ ಸಿಗಬೇಕಾದದ್ದೇ ಸಿಗುತ್ತಿದೆ.

ಅವ್ವನ ಅನುಮಾನ ತಪ್ಪಲ್ಲ. ಇದು ಶುರುವಾಗಿದ್ದೇ ಮಿಷನ್ ಸಾಲದೆ. 1978ರಲ್ಲಿ ಕೊಲಂಬಿಯಾ ದೇಶದ ಬೊಗೋಟಾದಲ್ಲಿ ಎಡ್ಗರ್ ರೇ ಸನಾಬ್ರಿಯಾ ಅನ್ನುವ ಮಕ್ಕಳ ಡಾಕ್ಟರ್ ಇದ್ದರು. ಅವರ ಆಸ್ಪತ್ರೆಯಲ್ಲಿ ಕೂಸನ್ನು ಬೆಚ್ಚಗಿಡುವ ಒಂದೇ ಪೆಟ್ಟಿಗೆಯಲ್ಲಿ (ಇನ್‌ಕ್ಯುಬೇಟರ್) ಎರಡು ಮೂರು ಮಕ್ಕಳನ್ನು ಮಲಗಿಸುವ ಸ್ಥಿತಿ. ಒಂದರ ಸೋಂಕು ಇನ್ನೊಂದಕ್ಕೆ ಹತ್ತುತ್ತಿತ್ತು. ಬೇರೆ ದಾರಿ ಕಾಣದೆ ಅವರು ಕೂಸುಗಳನ್ನು ತಾಯಂದಿರ ಎದೆಗೇ ಕಟ್ಟಿಸಿದರು. ಕಾಂಗರೂ ತನ್ನ ಮರಿಯನ್ನು ಹೊಟ್ಟೆಯ ಚೀಲದಲ್ಲಿ ಇಟ್ಟುಕೊಳ್ಳುವ ಹಾಗೆ ಅಂತ ಕಾಂಗರೂ ಮದರ್ ಕೇರ್ ಅನ್ನುವ ಹೆಸರು ಬಂತು. ನಾವು ಕೆಎಂಸಿ ಅಂತೀವಿ.

ಆದರೆ ಈಗ ಗೊತ್ತಾಗಿರುವುದು ಬೇರೆ. 2021ರಲ್ಲಿ ಬಂದ ಒಂದು ದೊಡ್ಡ ಅಧ್ಯಯನ ಇದೆ. ಘಾನಾ, ಮಲಾವಿ, ನೈಜೀರಿಯಾ, ತಾಂಜಾನಿಯಾದ ಆಸ್ಪತ್ರೆಗಳು, ಜೊತೆಗೆ ನಮ್ಮ ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆ. 1 ಕೆ.ಜಿ.ಯಿಂದ 1.8 ಕೆ.ಜಿ. ಒಳಗಿನ 3,211 ಮಕ್ಕಳು. ಒಂದು ಗುಂಪಿನ ಮಕ್ಕಳನ್ನು ಹುಟ್ಟಿದ ಕೂಡಲೇ ಎದೆಗೆ ಕಟ್ಟಿದರು, ದಿನಕ್ಕೆ ಸುಮಾರು 17 ಗಂಟೆ. ಇನ್ನೊಂದು ಗುಂಪನ್ನು ಮೊದಲು ವಾರ್ಮರ್ ಕೆಳಗೆ ಇಟ್ಟು, ಚೇತರಿಸಿಕೊಂಡ ಮೇಲೆ ತಾಯಿಗೆ ಕೊಟ್ಟರು. ಮಿಷನ್, ಡಾಕ್ಟರ್, ಔಷಧಿ ಎರಡೂ ಕಡೆ ಇತ್ತು. ಒಂದು ತಿಂಗಳೊಳಗೆ ವಾರ್ಮರ್ ಗುಂಪಿನಲ್ಲಿ ನೂರಕ್ಕೆ 15.7 ಮಕ್ಕಳು ತೀರಿಕೊಂಡವು, ಎದೆಗೆ ಕಟ್ಟಿದ ಗುಂಪಿನಲ್ಲಿ 12. ಅಂದರೆ ಸಾವು ಕಾಲು ಭಾಗ ಕಡಿಮೆ. ಇನ್ನು ಮುಂದೆಯೂ ಒಂದು ಗುಂಪಿಗೆ ಇದನ್ನು ತಪ್ಪಿಸುವುದು ನ್ಯಾಯ ಅಲ್ಲ ಅಂತ ಅಧ್ಯಯನವನ್ನೇ ಅರ್ಧಕ್ಕೆ ನಿಲ್ಲಿಸಿದರು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳಿತು: ಬೇಗ ಹುಟ್ಟಿದ, ತೂಕ ಕಡಿಮೆ ಇರುವ ಮಕ್ಕಳಿಗೆ ಆದಷ್ಟು ಬೇಗ ಶುರು ಮಾಡಿ, ದಿನಕ್ಕೆ 8ರಿಂದ 24 ಗಂಟೆ.

ನಾನು ಕೆಲಸಕ್ಕೆ ಸೇರಿದಾಗ ನಾವೂ "ಮೊದಲು ತೂಕ ಏರಲಿ, ಆಮೇಲೆ ತಾಯಿಗೆ ಕೊಡೋಣ" ಅನ್ನುತ್ತಿದ್ದೆವು. ತಾಯಿ ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತಿರುತ್ತಿದ್ದಳು. ಅದನ್ನು ನೆನೆದರೆ ಈಗಲೂ ಸಂಕಟ ಆಗುತ್ತದೆ.

ಪ್ರಶ್ನೆ ಕೇಳಿದವರು:
ತುಂಬಾ ಧೈರ್ಯ ಬಂತು ಸಿಸ್ಟರ್. ಆದರೆ ಮಿಷನ್‌ಗಿಂತ ಎದೆ ಹೇಗೆ ಜಾಸ್ತಿ ಒಳ್ಳೆಯದು? ಅವ್ವನಿಗೆ ಹೇಗೆ ತಿಳಿಸಿ ಹೇಳಲಿ?

ಉತ್ತರ (ನರ್ಸಿಂಗ್ ಆಫೀಸರ್):
ಕೋಳಿ ಕಾವಿಗೆ ಕೂತ ಹಾಗೆ ಅಂತ ಹೇಳಿ, ತಟ್ಟನೆ ತಿಳಿಯುತ್ತದೆ. ಇಂಥ ಕೂಸಿಗೆ ಚರ್ಮದ ಕೆಳಗೆ ಕೊಬ್ಬು ತುಂಬಾ ಕಡಿಮೆ. ಮೈ ಬೇಗ ತಣ್ಣಗಾಗುತ್ತದೆ. ತಿಂದ ಹಾಲೆಲ್ಲ ಮೈ ಕಾಯಿಸಿಕೊಳ್ಳುವುದಕ್ಕೇ ಖರ್ಚಾದರೆ ತೂಕ ಏರುವುದಾದರೂ ಹೇಗೆ? ಎದೆಯ ಮೇಲೆ ಕಾವು ಬಿಡದೆ ಸಿಗುತ್ತದೆ. ಇನ್ನೊಂದು, ಕೂಸು ತಾಯಿಯ ಹತ್ತಿರವೇ ಇದ್ದರೆ ಹತ್ತು ಜನರ ಕೈ ಸೋಕುವುದಿಲ್ಲ. ಹಾಲೂ ಚೆನ್ನಾಗಿ ಇಳಿಯುತ್ತದೆ. ಆ ಅಧ್ಯಯನದಲ್ಲಿ ಮೈ ತಣ್ಣಗಾಗುವುದು, ರಕ್ತದ ಸೋಂಕಿನ ಅನುಮಾನ, ಎರಡೂ ಕಡಿಮೆ ಇದ್ದವು.

ಕಟ್ಟುವ ರೀತಿ ಮಾತ್ರ ಸರಿಯಾಗಿರಬೇಕು. ಕೂಸಿಗೆ ಟೋಪಿ, ಕಾಲುಚೀಲ, ಲಂಗೋಟಿ ಅಷ್ಟೇ, ಅಂಗಿ ಬೇಡ. ಎರಡು ಮೊಲೆಗಳ ನಡುವೆ ನೆಟ್ಟಗೆ ಇಡಬೇಕು, ಕಾಲು ಕಪ್ಪೆಯ ಹಾಗೆ ಮಡಚಿರಬೇಕು. ಮುಖ ಒಂದು ಪಕ್ಕಕ್ಕೆ, ಗದ್ದ ಸ್ವಲ್ಪ ಮೇಲೆ. ಗದ್ದ ಎದೆಗೆ ಒತ್ತಿಕೊಂಡರೆ ಉಸಿರು ಕಟ್ಟುತ್ತದೆ, ಅದನ್ನೇ ಜಾಸ್ತಿ ಗಮನಿಸಿ. ಮೇಲೆ ಹಳೆಯ ಹತ್ತಿ ಸೀರೆ ಸುತ್ತಿದರೆ ಸಾಕು. ತಾಯಿ ಬೆನ್ನಿಗೆ ದಿಂಬು ಕೊಟ್ಟು ಒರಗಿ ಕೂರಲಿ, ಹಾಗೇ ನಿದ್ದೆ ಬಂದರೂ ಪರವಾಗಿಲ್ಲ. ಒಮ್ಮೆ ಕಟ್ಟಿದರೆ ಕಡಿಮೆ ಅಂದರೂ ಒಂದು ಗಂಟೆ ಬಿಚ್ಚಬೇಡಿ.

ಒಬ್ಬ ಸದಸ್ಯೆ:
ನಾನೂ ಸ್ಟಾಫ್ ನರ್ಸ್. ಇದೆಲ್ಲ ನಿಜ. ಆದರೆ ರಾತ್ರಿ ಪಾಳಿಯಲ್ಲಿ ಇಬ್ಬರೇ ಇರುತ್ತೇವೆ. ಪ್ರತಿ ತಾಯಿಯನ್ನೂ ಕೂರಿಸಿ ಕಟ್ಟುವುದಕ್ಕೆ ಹೊತ್ತೆಲ್ಲಿದೆ ಮೇಡಂ?

ಉತ್ತರ (ನರ್ಸಿಂಗ್ ಆಫೀಸರ್):
ನಿಮ್ಮ ಕಷ್ಟ ನನಗೆ ಚೆನ್ನಾಗಿ ಗೊತ್ತು. ಯುರೋಪಿನ 9 ದೇಶಗಳ ಆಸ್ಪತ್ರೆಗಳನ್ನು ನೋಡಿದ ಒಂದು ಅಧ್ಯಯನ 2014ರಲ್ಲಿ ಬಂತು. ಆಪರೇಷನ್ ಆದ ರೋಗಿಗಳ ವಾರ್ಡಿನಲ್ಲಿ ಒಬ್ಬ ನರ್ಸ್ ಮೇಲೆ ಇನ್ನೊಬ್ಬ ರೋಗಿಯ ಭಾರ ಏರಿದರೂ, 30 ದಿನದೊಳಗೆ ಸಾವಿನ ಸಾಧ್ಯತೆ ಶೇ. 7ರಷ್ಟು ಏರುತ್ತದೆ ಅಂತ ಅದರಲ್ಲಿ ಕಂಡುಬಂತು. ಹಾಗಾಗಿ ಸಿಬ್ಬಂದಿ ಕೇಳುವುದನ್ನು ಬಿಡಬೇಡಿ. ಅಲ್ಲಿಯತನಕ ನಮ್ಮಲ್ಲಿ ನಡೆಯುವುದನ್ನು ಹೇಳುತ್ತೇನೆ. ಮೊದಲ ಸಲ ಕಟ್ಟುವಾಗ ಅರ್ಧ ಗಂಟೆ ತಾಯಿಯ ಪಕ್ಕದಲ್ಲೇ ಇರುತ್ತೇವೆ. ಆಮೇಲೆ ಹಳೆಯ ತಾಯಿ ಹೊಸ ತಾಯಿಗೆ ಕಲಿಸುತ್ತಾಳೆ, ನಮಗಿಂತ ಚೆನ್ನಾಗಿಯೇ ಕಲಿಸುತ್ತಾಳೆ. ಎಷ್ಟು ಗಂಟೆ ಆಯಿತು ಅಂತ ಹಾಸಿಗೆಗೆ ನೇತುಹಾಕಿದ ಹಾಳೆಯಲ್ಲಿ ಅವಳೇ ಗೀಟು ಎಳೆಯುತ್ತಾಳೆ.

ಪ್ರಶ್ನೆ ಕೇಳಿದವರು:
ಮನೆಗೆ ಬಂದ ಮೇಲೂ ಮಾಡಬೇಕಂತೆ. ಅತ್ತಿಗೆಗೆ ಮೂರು ವರ್ಷದ ಮಗ ಇದ್ದಾನೆ. ಅಣ್ಣ ಗಾರೆ ಕೆಲಸಕ್ಕೆ ಹೋಗುತ್ತಾನೆ. ಹೇಗೆ ಸಾಧ್ಯ?

ಉತ್ತರ (ವೈದ್ಯಕೀಯ ಸಮಾಜ ಕಾರ್ಯಕರ್ತೆ):
ಇದಕ್ಕೆ ನಾನು ಹೇಳುತ್ತೇನೆ, ನನ್ನ ಕೆಲಸ ಶುರುವಾಗುವುದೇ ಇಲ್ಲಿಂದ. ಆಸ್ಪತ್ರೆಯಲ್ಲಿ 12 ಗಂಟೆ ಮಾಡಿದ ತಾಯಿ ಮನೆಗೆ ಹೋದ ಮೂರನೇ ದಿನಕ್ಕೆ ಒಂದು ಗಂಟೆಗೆ ಇಳಿದಿರುತ್ತಾಳೆ. ನಾವು ಸುಮ್ನೆ "ತಾಯಿಗೆ ತಿಳಿವಳಿಕೆ ಇಲ್ಲ" ಅಂದುಬಿಡುತ್ತೇವೆ. ಒಂದು ಮನೆಗೆ ಹೋಗಿದ್ದೆ. ಕಟ್ಟುವ ಬಟ್ಟೆಯನ್ನು ಒಗೆದು ಮಡಚಿ ದೇವರ ಗೂಡಿನ ಪಕ್ಕ ಇಟ್ಟಿದ್ದಳು. ಎಲ್ಲವನ್ನೂ ಬಾಯಿಪಾಠ ಒಪ್ಪಿಸಿದಳು. ಆದರೆ ನಲ್ಲಿಯಲ್ಲಿ ನೀರು ಬಂದಿತ್ತು, ಆರು ಕೊಡ ತುಂಬಬೇಕಿತ್ತು. ಕೂಸು ಚಾಪೆಯ ಮೇಲಿತ್ತು, ಪಾದ ಮುಟ್ಟಿದರೆ ತಣ್ಣಗಿತ್ತು. ಆ ಮನೆಗೆ ಬೇಕಾಗಿದ್ದದ್ದು ನನ್ನ ಪಾಠ ಅಲ್ಲ, ನೀರು ಹೊರುವ ಇನ್ನೊಂದು ಜೊತೆ ಕೈ.

ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಕೂಡಿಸಿ ನೋಡಿದಾಗಲೂ ತಾಯಂದಿರಿಗೆ ಅಡ್ಡಿಯಾಗುವ ಮುಖ್ಯ ಸಂಗತಿಗಳಲ್ಲಿ ಇದೇ ಕಂಡಿದೆ: ಮನೆಗೆಲಸ, ದಣಿವು, ಜೊತೆ ಯಾರೂ ಇಲ್ಲದಿರುವುದು. ಮನೆಯಲ್ಲಿ ಮಾಡಿದರೂ ಫಲ ಇದೆ. ಹರಿಯಾಣದ ಹಳ್ಳಿಗಳಲ್ಲಿ 8,402 ಮಕ್ಕಳ ಮೇಲೆ ನಡೆದ ಅಧ್ಯಯನ 2019ರಲ್ಲಿ ಬಂತು. ಮನೆಯಲ್ಲೇ ಶುರು ಮಾಡಿಸಿದರೂ ಮೊದಲ ತಿಂಗಳ ಸಾವು ಶೇ. 30ರಷ್ಟು ಕಡಿಮೆ. ಅಲ್ಲಿ ಹೀಗೆ ಮಾಡಿದ ತಾಯಂದಿರಲ್ಲಿ ಬಾಣಂತನದ ಖಿನ್ನತೆಯ ಲಕ್ಷಣಗಳೂ ಕಡಿಮೆ ಇದ್ದವು. ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಸರ್ಕಾರಿ ಆಸ್ಪತ್ರೆಯಿಂದ ಮನೆಯ ತನಕ ಕೆಎಂಸಿ ಮುಟ್ಟಿಸುವುದು ಹೇಗೆ ಅಂತ ಅಧ್ಯಯನ ನಡೆದಿದೆ.

ಈಗ ನಿಮ್ಮ ಮನೆಯ ಮಾತು. ಡಿಸ್ಚಾರ್ಜ್ ಆಗುವ ಮೊದಲೇ ಎಲ್ಲರೂ ಒಟ್ಟಿಗೆ ಕೂತು ಮಾತಾಡಿ. ಅಡುಗೆ ಯಾರದು, ನೀರು ಯಾರದು, ಮೂರು ವರ್ಷದವನನ್ನು ಯಾರು ನೋಡಿಕೊಳ್ಳುತ್ತಾರೆ, ಎಲ್ಲ ಹೆಸರು ಹಿಡಿದು ಹಂಚಿಕೊಳ್ಳಿ. ಅಣ್ಣ ಕೆಲಸದಿಂದ ಬಂದು, ಸ್ನಾನ ಮಾಡಿ, ರಾತ್ರಿ ಎರಡು ಗಂಟೆ ತನ್ನ ಎದೆಗೆ ಕಟ್ಟಿಕೊಳ್ಳಲಿ. ಗಂಡಸರೂ ಮಾಡಬಹುದು. ನಿಮ್ಮ ಅವ್ವನೂ ಮಾಡಬಹುದು, ಕೆಮ್ಮು ನೆಗಡಿ ಇಲ್ಲದಿದ್ದರೆ ಸಾಕು. ಎಣ್ಣೆ ನೀರಿನ ಸ್ನಾನ, ಲೋಬಾನದ ಹೊಗೆ ಈಗ ಬೇಡ, ಅದನ್ನು ಅವ್ವನಿಗೆ ಪ್ರೀತಿಯಿಂದಲೇ ಹೇಳಿ.

ಆಶಾ ಅಕ್ಕ ಬಂದಾಗ ತೂಕ ನೋಡಿಸಿ. ಹಾಲು ಬಿಟ್ಟರೆ, ಉಸಿರು ಜೋರಾದರೆ, ಎದೆಗೆ ಕಟ್ಟಿದರೂ ಪಾದ ತಣ್ಣಗೇ ಇದ್ದರೆ, ಅಂಗೈ ಅಂಗಾಲು ಹಳದಿಯಾದರೆ ಬೆಳಗಾಗಲಿ ಅಂತ ಕಾಯಬೇಡಿ. ಒಂದು ವರ್ಷದ ತನಕ ಕಾಯಿಲೆ ಬಿದ್ದ ಮಗುವಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಉಚಿತ. ಹುಟ್ಟಿ 30 ದಿನ ಆಗುವುದರೊಳಗೆ ಕಣ್ಣಿನ ತಪಾಸಣೆ ಮರೆಯಬೇಡಿ. ಬೇಗ ಹುಟ್ಟಿದ ಮಕ್ಕಳ ಕಣ್ಣಿನ ಪರದೆಗೆ ತೊಂದರೆ ಬರಬಹುದು, ಹೊರಗಿಂದ ನೋಡಿದರೆ ಗೊತ್ತಾಗುವುದಿಲ್ಲ.

ಪ್ರಶ್ನೆ ಕೇಳಿದವರು (ನಾಲ್ಕು ದಿನದ ನಂತರ):
ಸಿಸ್ಟರ್, ಮೇಡಂ, ಮಗು ಈಗ 1.64 ಕೆ.ಜಿ. ಪೈಪ್ ತೆಗೆದಿದ್ದಾರೆ, ಒಳಲೆಯಲ್ಲಿ ಹಾಲು ಕುಡಿಯುತ್ತಿದೆ. ನಿನ್ನೆ ಅತ್ತಿಗೆ ಊಟಕ್ಕೆ ಎದ್ದಾಗ ಅವ್ವನೇ ಕಟ್ಟಿಸಿಕೊಂಡಳು. ಒಂದು ಗಂಟೆ ಅಂದಿದ್ದೆವು, ಎರಡು ಗಂಟೆ ಆದರೂ ಕೊಡಲಿಲ್ಲ. ಇದನ್ನು ಎಷ್ಟು ದಿನ ಮಾಡಬೇಕು ಅಂತ ಅವಳೇ ಕೇಳುತ್ತಿದ್ದಾಳೆ.

ಉತ್ತರ (ನರ್ಸಿಂಗ್ ಆಫೀಸರ್):
ಸುಮಾರು 2.5 ಕೆ.ಜಿ. ಆಗುವ ತನಕ ಅಂತ ಹೇಳಿ. ಆ ಹೊತ್ತಿಗೆ ಕೂಸೇ ಒದ್ದಾಡಿ, ಕೈ ಕಾಲು ಹೊರಗೆ ಎಳೆದು, ಸೆಕೆ ಆಗುತ್ತಿದೆ ಬಿಡಿ ಅನ್ನುತ್ತದೆ.