ಒಂದೇ ಸಂಸ್ಥೆಗೆ ಕಳಿಸಿದ ಮೇಲ್ ಆಗಾಗ ಬೌನ್ಸ್ ಆಗುತ್ತಿದೆ, ಜಿಮೇಲ್‌ಗೆಲ್ಲ ಸರಿಯಾಗಿ ಹೋಗುತ್ತಿದೆ

ತುಂಗಾತೀರ:
ನಮ್ಮ ಕಾಲೇಜಿನ ಮೇಲ್ ಸರ್ವರ್ ನೋಡಿಕೊಳ್ಳುವುದು ನಾನೇ. ಬಾಡಿಗೆಯ ಚಿಕ್ಕ ವಿಪಿಎಸ್ (ವರ್ಚುವಲ್ ಸರ್ವರ್), ಅದರಲ್ಲಿ ಡೆಬಿಯನ್ ಲಿನಕ್ಸ್, ಮೇಲ್ ಸಾಗಿಸುವ ತಂತ್ರಾಂಶ ಪೋಸ್ಟ್‌ಫಿಕ್ಸ್. ಜಿಮೇಲ್, ಯಾಹೂ, ಔಟ್‌ಲುಕ್ ಎಲ್ಲಕ್ಕೂ ಮೇಲ್ ತಲುಪುತ್ತದೆ. ಹುಬ್ಬಳ್ಳಿ ಕಡೆಯ ಒಂದು ಸಂಸ್ಥೆಗೆ (ಹೆಸರು ಬೇಡ) ಕಳಿಸಿದ್ದು ಮಾತ್ರ ವಾಪಸ್ ಬರುತ್ತದೆ. ಅದೂ ಯಾವಾಗಲೂ ಅಲ್ಲ, ಬೆಳಿಗ್ಗೆ ಹೋಗಿರುತ್ತದೆ, ಮಧ್ಯಾಹ್ನ ಅದೇ ವಿಳಾಸಕ್ಕೆ ಹೋಗುವುದಿಲ್ಲ. ಕೇಳಿದರೆ "ನಮಗೆ ಜಿಮೇಲ್‌ನಿಂದ ಎಲ್ಲ ಬರ್ತಿದೆ, ತೊಂದರೆ ನಿಮ್ದೇ" ಅಂತಾರೆ. ಮೇಲ್ ನಿಜವಾಗಿ ನಮ್ಮದೇ ಅಂತ ತೋರಿಸುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರೂ ಇವೆ. ರಿವರ್ಸ್ ಡಿಎನ್ಎಸ್ (ಐಪಿಯಿಂದ ಸರ್ವರಿನ ಹೆಸರು ಹುಡುಕುವ ದಾಖಲೆ) ಕೂಡ ಸರಿ ಇದೆ. ವಿಪಿಎಸ್ ಕೊಟ್ಟವರು ಐಪಿ ಬದಲಿಸಿ ಅಂತಿದ್ದಾರೆ. ಬದಲಿಸಬೇಕಾ?

ಕೋಡುಬಳೆ:
ಡಿಕಿಮ್ (ಮೇಲ್‌ಗೆ ಹಾಕುವ ಡಿಜಿಟಲ್ ಸಹಿ) ತೊಂದರೆ ಇರಬಹುದು ನೋಡಿ ಸರ್. 2024ರ ಫೆಬ್ರವರಿಯಿಂದ ಗೂಗಲ್, ಯಾಹೂ ಇದನ್ನೆಲ್ಲ ಬಿಗಿ ಮಾಡಿದವಲ್ಲ, ಬೇರೆಯವರೂ ಮಾಡಿರುತ್ತಾರೆ. 2048 ಬಿಟ್ ಕೀ ಆದರೆ ಡಿಎನ್ಎಸ್‌ನ ಟಿಎಕ್ಸ್‌ಟಿ ರೆಕಾರ್ಡಿನ (ಪಠ್ಯ ದಾಖಲೆಯ) ಒಂದು ತುಂಡಿನಲ್ಲಿ ಕೂರುವುದಿಲ್ಲ, 255 ಅಕ್ಷರಕ್ಕೆ ಒಡೆದು ಹಾಕಬೇಕು. ಎಸ್‌ಪಿಎಫ್ ರೆಕಾರ್ಡ್ ಎರಡೆರಡು ಇಲ್ಲ ತಾನೇ?

ಅಂಚೆಯಣ್ಣ:
ಡಿಕಿಮ್ ಸರಿ ಇಲ್ಲದಿದ್ದರೆ ಜಿಮೇಲ್‌ಗೂ ಎಡವಟ್ಟು ಆಗಬೇಕಿತ್ತು, ಅಲ್ವಾ? ಊಹೆ ಬೇಡ. ಬೌನ್ಸ್ ಪೂರ್ತಿ ಹಾಕಿ ತುಂಗಾತೀರ ಅವರೇ. "554, ಬ್ಲಾಕ್ ಆಗಿದೆ" ಅಂತ ಅರ್ಧ ಓದಿ ನಿಲ್ಲಿಸಬೇಡಿ, ಆ ಸಾಲಿನ ಬಾಲದಲ್ಲೇ ಎಲ್ಲ ಇರುತ್ತದೆ. ಐಪಿಯನ್ನು ಈಗಲೇ ಬದಲಿಸಬೇಡಿ. ಹೊಸ ಐಪಿಗೆ ಹಿಂದೆ ಯಾರಿದ್ದರೋ, ಏನು ಕಳಿಸಿದ್ದರೋ ಗೊತ್ತಿರುವುದಿಲ್ಲ.

ತುಂಗಾತೀರ:
ಇಲ್ಲಿದೆ, ನಮ್ಮ ಐಪಿ ಬದಲು ಉದಾಹರಣೆಯದ್ದು ಹಾಕಿದ್ದೇನೆ:
"ಹೋಸ್ಟ್ (ಅವರ ಸರ್ವರ್) ಸೆಡ್: 554 5.7.1 ಸರ್ವಿಸ್ ಅನ್‌ಅವೈಲಬಲ್, ಕ್ಲೈಂಟ್ ಹೋಸ್ಟ್ [203.0.113.25] ಬ್ಲಾಕ್ಡ್ ಯೂಸಿಂಗ್ ಜೆನ್.ಸ್ಪಾಮ್‌ಹೌಸ್.ಆರ್ಗ್, ಎರರ್: ಓಪನ್ ರಿಸಾಲ್ವರ್ (ಇನ್ ರಿಪ್ಲೈ ಟು ಆರ್‌ಸಿಪಿಟಿ ಟು ಕಮಾಂಡ್)"
ಸ್ಪಾಮ್ ಕಳಿಸುವ ಐಪಿಗಳ ಪಟ್ಟಿ ಇಡುವ ಸ್ಪಾಮ್‌ಹೌಸ್ ಸೈಟಿನಲ್ಲಿ ನಮ್ಮ ಐಪಿ ಹಾಕಿ ನೋಡಿದರೆ ಪಟ್ಟಿಯಲ್ಲೇ ಇಲ್ಲ. ಮತ್ತೆ ಯಾವುದರಿಂದ ಹೆಸರು ತೆಗೆಸಬೇಕು?

ಅಂಚೆಯಣ್ಣ:
ಯಾವುದರಿಂದಲೂ ತೆಗೆಸಬೇಕಿಲ್ಲ. ತಪ್ಪು ಅವರ ಸರ್ವರಿನಲ್ಲಿದೆ.

ಮೊದಲು ಆ ಸಾಲನ್ನೇ ಓದೋಣ. ಬೌನ್ಸ್ ಬಂದದ್ದು ನಿಮ್ಮ ಸರ್ವರಿನಿಂದಲೇ, ಆದರೆ "ಸೆಡ್" ಆದಮೇಲೆ ಇರುವ ಮಾತು ಅವರದ್ದು. ಕೊನೆಯಲ್ಲಿರುವ "ಆರ್‌ಸಿಪಿಟಿ ಟು" ನೋಡಿ. ಯಾರಿಗೆ ಮೇಲ್ ಅಂತ ನಿಮ್ಮ ಸರ್ವರ್ ಹೇಳಿದ ಕೂಡಲೇ ಅವರದ್ದು ಬೇಡ ಅಂದಿದೆ. ಪತ್ರ ಇನ್ನೂ ಹೋಗೇ ಇಲ್ಲ. ಡಿಕಿಮ್ ಸಹಿ ಇರುವುದು ಪತ್ರದ ಒಳಗೆ, ಹಾಗಾಗಿ ಅದನ್ನು ಅವರು ನೋಡಿರಲು ಸಾಧ್ಯವೇ ಇಲ್ಲ. ಕೋಡುಬಳೆ ಅವರೇ, ಬೇಜಾರು ಬೇಡ.

ಈಗ "ಓಪನ್ ರಿಸಾಲ್ವರ್". ರಿಸಾಲ್ವರ್ ಅಂದರೆ ಡಿಎನ್ಎಸ್‌ನಲ್ಲಿ ಹೆಸರು ಹುಡುಕಿಕೊಡುವ ಸರ್ವರ್, ಓಪನ್ ಅಂದರೆ ಯಾರು ಬೇಕಾದರೂ ಬಳಸಬಹುದಾದದ್ದು. ಸ್ಪಾಮ್‌ಹೌಸ್ ಪಟ್ಟಿಯನ್ನು ಸರ್ವರುಗಳು ಕೇಳುವುದು ಡಿಎನ್ಎಸ್ ಮೂಲಕ. ಐಪಿಯನ್ನು ತಿರುಗಿಸಿ 25.113.0.203 ಅಂತ ಬರೆದು ಅದರ ಕೊನೆಗೆ ಜೆನ್.ಸ್ಪಾಮ್‌ಹೌಸ್.ಆರ್ಗ್ ಸೇರಿಸಿ ಕೇಳಿದರೆ, ಪಟ್ಟಿಯಲ್ಲಿದ್ದಾಗ 127.0.0.2, 127.0.0.4, 127.0.0.10 ಇಂಥ ಉತ್ತರ ಬರುತ್ತದೆ. ಇಲ್ಲದಿದ್ದರೆ ಅಂಥ ಹೆಸರೇ ಇಲ್ಲ ಅಂತ ಬರುತ್ತದೆ. ಆದರೆ ಗೂಗಲ್‌ನ 8.8.8.8 ತರಹದ ಸಾರ್ವಜನಿಕ ರಿಸಾಲ್ವರ್ ಮೂಲಕ ಕೇಳಿದವರಿಗೆ ಸ್ಪಾಮ್‌ಹೌಸ್ ಪಟ್ಟಿ ಕೊಡುವುದಿಲ್ಲ. ಯಾವ ಐಪಿ ಕೇಳಿದರೂ 127.255.255.254 ಅಂತ ಉತ್ತರ. ಅಂದರೆ "ಹೀಗೆ ಕೇಳಬೇಡ" ಅಂತ. ಪೋಸ್ಟ್‌ಫಿಕ್ಸ್‌ನಲ್ಲಿ ಸುಮ್ನೆ ಪಟ್ಟಿಯ ಹೆಸರಷ್ಟೇ ಬರೆದಿದ್ದರೆ ಯಾವ ಉತ್ತರ ಬಂದರೂ ಅದು "ಪಟ್ಟಿಯಲ್ಲಿದೆ" ಅಂತಲೇ ತಿಳಿದು ಎಲ್ಲರನ್ನೂ ಹೊರಗೆ ನಿಲ್ಲಿಸುತ್ತದೆ.

ಜಿಮೇಲ್ ಹೇಗೆ ಒಳಗೆ ಹೋಗುತ್ತಿದೆ ಅಂದರೆ, ಈ ತಪಾಸಣೆಗೆ ಮೊದಲೇ ದೊಡ್ಡ ಕಂಪನಿಗಳನ್ನು ಬಿಡುವ ಪಟ್ಟಿಯೊಂದನ್ನು ಯಾರೋ ಹಾಕಿರಬೇಕು. ಹಾಗೆ ಮಾಡುವವರು ಜಾಸ್ತಿ. ಅದಕ್ಕೇ ಅವರಿಗೆ ತೊಂದರೆ ಕಾಣುತ್ತಿಲ್ಲ, ಪೆಟ್ಟು ಬೀಳುವುದು ನಮ್ಮಂಥ ಸಣ್ಣವರಿಗೆ. ಇನ್ನು ಆಗಾಗ ಮಾತ್ರ ಆಗುವುದಕ್ಕೆ ನನ್ನ ಲೆಕ್ಕ ಇದು: ಅವರ ರಿಸಾಲ್ವ್.ಕಾನ್ಫ್ ಕಡತದಲ್ಲಿ ಮೊದಲು ಇಂಟರ್ನೆಟ್ ಕಂಪನಿಯ ರಿಸಾಲ್ವರ್, ಕೆಳಗೆ 8.8.8.8 ಇರಬೇಕು. ಮೊದಲಿನದ್ದು ತಡ ಮಾಡಿದಾಗಷ್ಟೇ ಎರಡನೆಯದಕ್ಕೆ ಹೋಗುತ್ತದೆ.

ಅವರಿಗೆ ಹೇಳಿ: ಸರ್ವರಿನಲ್ಲೇ ಕೂತು 2.0.0.127.ಜೆನ್.ಸ್ಪಾಮ್‌ಹೌಸ್.ಆರ್ಗ್ ಅಂತ ಡಿಗ್ (ಡಿಎನ್ಎಸ್ ಕೇಳಿ ನೋಡುವ ಕಮಾಂಡ್) ಮಾಡಿ, ಅವರಲ್ಲಿರುವ ಒಂದೊಂದು ರಿಸಾಲ್ವರನ್ನೂ ಬೇರೆ ಬೇರೆಯಾಗಿ ಕೇಳಬೇಕು. ಇದು ಪರೀಕ್ಷೆಗೆಂದೇ ಇಟ್ಟ ವಿಳಾಸ. ಉತ್ತರದಲ್ಲಿ 127.0.0.2 ಬಂದರೆ ಸರಿ, 127.255.255.254 ಬಂದರೆ ಕಳ್ಳ ಸಿಕ್ಕಿದ.

ತುಂಗಾತೀರ:
ಅಬ್ಬಾ, ನಾನು ನಮ್ಮ ಕಡೆಯೇ ಕೆದಕುತ್ತಿದ್ದೆ. ಆದರೆ ಅವರಿಗೆ ಹೇಳುವುದು ಹೇಗೆ? ಅವರ ಮೇಲ್ ಸರ್ವರ್ ನೋಡುವವರ ಪೋಸ್ಟ್‌ಮಾಸ್ಟರ್ ವಿಳಾಸಕ್ಕೆ ಬರೆದರೂ ಇದೇ ಬೌನ್ಸ್.

ಕೋಡುಬಳೆ:
ಜಿಮೇಲ್‌ನಿಂದ ಬರೆಯಿರಿ ಸರ್, ಅದನ್ನು ಬಿಡ್ತಾರಲ್ಲ :)

ಅಂಚೆಯಣ್ಣ:
ಹೌದು, ಅದೇ ದಾರಿ. ಪೋಸ್ಟ್‌ಮಾಸ್ಟರ್ ವಿಳಾಸ ಇರಲೇಬೇಕು ಅಂತ ಮೇಲ್ ಸಾಗಿಸುವ ಎಸ್‌ಎಂಟಿಪಿ ನಿಯಮದಲ್ಲೇ ಇದೆ, ಆದರೆ ಅದನ್ನೂ ಈ ಪಟ್ಟಿಗೆ ಕಟ್ಟಿಹಾಕಿದವರೇ ಹೆಚ್ಚು. "ನಿಮ್ಮದು ತಪ್ಪು" ಅಂತ ಶುರು ಮಾಡಬೇಡಿ, ಬೌನ್ಸ್ ಸಾಲು ಹಾಕಿ, ಡಿಗ್ ಪರೀಕ್ಷೆ ಬರೆದು, ಒಂದು ಫೋನನ್ನೂ ಮಾಡಿ. ಪರಿಹಾರವನ್ನೂ ಜೊತೆಗೇ ಕೊಡಿ. ಒಂದು, ಆ ಸರ್ವರಿನಲ್ಲೇ ಅನ್‌ಬೌಂಡ್ ಎಂಬ ರಿಸಾಲ್ವರ್ ತಂತ್ರಾಂಶ ಹಾಕಿ ತಾನೇ ನೇರವಾಗಿ ಹುಡುಕುವಂತೆ ಮಾಡುವುದು (ಅನ್‌ಬೌಂಡ್ ಹಾಕಿ ಅದನ್ನು ಮತ್ತೆ 8.8.8.8ಕ್ಕೇ ಫಾರ್ವರ್ಡ್ ಮಾಡಿದರೆ ದೇವರೇ ಗತಿ). ಇಲ್ಲವೇ ಸ್ಪಾಮ್‌ಹೌಸ್‌ನಲ್ಲಿ ನೋಂದಾಯಿಸಿ ಕೀ ತಗೊಂಡು ಕೇಳುವುದು. ಯಾವುದು ಮಾಡಿದರೂ ಪೋಸ್ಟ್‌ಫಿಕ್ಸ್‌ನಲ್ಲಿ ಪಟ್ಟಿಯ ಹೆಸರಿನ ಕೊನೆಗೆ =127.0.0.[2..11] ಸೇರಿಸಲಿ. ಆಗ ಮುಂದೆ ರಿಸಾಲ್ವರ್ ಕೆಟ್ಟರೂ ಮೇಲ್ ನಿಲ್ಲುವುದಿಲ್ಲ, ಸ್ಪಾಮ್ ಸ್ವಲ್ಪ ಜಾಸ್ತಿ ಬರುತ್ತದೆ, ಅಷ್ಟೇ.

ತುಂಗಾತೀರ:
ಮಾತಾಡಿದೆ. ಅವರ ಸಿಸ್ಟಮ್ ನೋಡುವವರು ಒಳ್ಳೆಯವರು, ಕೂಡಲೇ ಪರೀಕ್ಷೆ ಮಾಡಿದರು. ಎರಡನೇ ರಿಸಾಲ್ವರ್ 8.8.8.8 ಅಂತಲೇ ಇತ್ತು, ಉತ್ತರವೂ ನೀವು ಹೇಳಿದ್ದೇ. ಅನ್‌ಬೌಂಡ್ ಹಾಕಿ ರಿಸಾಲ್ವ್.ಕಾನ್ಫ್ ಬದಲಿಸಿದರು, ಈಗ ಡಿಗ್ ಸರಿಯಾಗಿದೆ. ಆದರೂ ನಮ್ಮ ಮೇಲ್ ನಡುನಡುವೆ ಅದೇ "ಓಪನ್ ರಿಸಾಲ್ವರ್" ಅಂತ ವಾಪಸ್ ಬರುತ್ತಿದೆ! ಪೋಸ್ಟ್‌ಫಿಕ್ಸ್ ಸಾಲು ಇನ್ನೂ ಮುಟ್ಟಿಲ್ಲವಂತೆ.

ಅಂಚೆಯಣ್ಣ:
ಅವರದ್ದೂ ಡೆಬಿಯನ್ ಅಥವಾ ಉಬುಂಟು ಇರಬೇಕು. ಅಲ್ಲಿ ಪೋಸ್ಟ್‌ಫಿಕ್ಸ್ ಹೆಚ್ಚಾಗಿ ಕ್ರೂಟ್ (ಹೊರಗಿನ ಕಡತಗಳು ಕಾಣದ ಪ್ರತ್ಯೇಕ ಫೋಲ್ಡರ್) ಒಳಗೆ ಓಡುತ್ತದೆ, ರಿಸಾಲ್ವ್.ಕಾನ್ಫ್‌ನ ಬೇರೆಯೇ ಒಂದು ನಕಲು ವಾರ್/ಸ್ಪೂಲ್/ಪೋಸ್ಟ್‌ಫಿಕ್ಸ್ ಫೋಲ್ಡರಿನ ಕೆಳಗಿನ ಇಟಿಸಿಯಲ್ಲಿ ಇಟ್ಟುಕೊಂಡಿರುತ್ತದೆ. ಡಿಗ್ ಓದುವುದು ಹೊಸದನ್ನು, ಪೋಸ್ಟ್‌ಫಿಕ್ಸ್ ಓದುವುದು ಹಳೆಯದನ್ನು. ರೀಲೋಡ್ ನೆಚ್ಚಿಕೊಳ್ಳಬೇಡಿ, ಪೂರ್ತಿ ನಿಲ್ಲಿಸಿ ಮತ್ತೆ ಶುರು ಮಾಡಲು ಹೇಳಿ, ಆಮೇಲೆ ಎರಡೂ ಕಡತ ಒಂದೇ ಇವೆಯಾ ಅಂತ ಹೋಲಿಸಿ ನೋಡಲಿ.

ತುಂಗಾತೀರ:
ಅದೇ ಆಗಿತ್ತು ಸರ್. ರೀಸ್ಟಾರ್ಟ್ ಆದಮೇಲೆ ಕಳಿಸಿದ್ದಕ್ಕೆಲ್ಲ ನಮ್ಮ ಲಾಗ್‌ನಲ್ಲಿ 250 (ಮೇಲ್ ಸ್ವೀಕರಿಸಿದ್ದೇವೆ ಅನ್ನುವ ಕೋಡ್) ಬಂದಿದೆ. ತುಂಬಾ ಥ್ಯಾಂಕ್ಸ್. ಹಿಂದೆ ಬೌನ್ಸ್ ಆದವು ತಾವಾಗೇ ಹೋಗುತ್ತವಾ?

ಅಂಚೆಯಣ್ಣ:
ಇಲ್ಲ. 4ರಿಂದ ಶುರುವಾಗುವ ಕೋಡ್ ಆಗಿದ್ದರೆ ಪೋಸ್ಟ್‌ಫಿಕ್ಸ್ ಕ್ಯೂನಲ್ಲಿಟ್ಟುಕೊಂಡು 5 ದಿನದವರೆಗೆ ಮತ್ತೆ ಮತ್ತೆ ಕಳಿಸಿ ನೋಡುತ್ತಿತ್ತು. 554 ಅಂದರೆ ಅಲ್ಲಿಗೇ ಮುಗಿಯಿತು. ಮೇಲ್ ಲಾಗ್‌ನಲ್ಲಿ ಆ ಡೊಮೇನಿಗೆ ಬೌನ್ಸ್ ಆದ ಸಾಲುಗಳನ್ನು ಗ್ರೆಪ್ ಕಮಾಂಡಿನಿಂದ ಹುಡುಕಿ ತೆಗೆದು, ಕಳಿಸಿದವರಿಗೆ ಇನ್ನೊಮ್ಮೆ ಕಳಿಸಲು ಹೇಳಿ.