ಮಳೆಗಾಲದ ನಂತರ ಕ್ಯಾರವಾನಿನ ಸ್ಲೈಡ್‌ಔಟ್ ಓರೆಯಾಗಿ ಸಿಕ್ಕಿಕೊಂಡಿದೆ, ಏನು ಮಾಡಲಿ?

ಪ್ರಶ್ನೆ, ತೀರ್ಥಹಳ್ಳಿಯಿಂದ

ನಮಸ್ಕಾರ. ಬಸ್ಸಿನ ಚಾಸಿಯ ಮೇಲೆ ಕಟ್ಟಿಸಿದ ಕ್ಯಾರವಾನ್ ನಮ್ಮಲ್ಲಿದೆ. ಎಡಬದಿಗೆ ಒಂದು ಸ್ಲೈಡ್‌ಔಟ್, ಅಂದರೆ ಒಳಗಿನ ಜಾಗ ಹೆಚ್ಚಿಸಲು ಗೋಡೆಯಿಂದ ಹೊರಕ್ಕೆ ಜಾರುವ ಪೆಟ್ಟಿಗೆ. ಪೆಟ್ಟಿಗೆಯ ಎರಡೂ ಬದಿಗೆ ಅಲ್ಯೂಮಿನಿಯಂ ಹಳಿ, ಒಂದೊಂದು ಬದಿಗೆ ಒಂದೊಂದು 12 ವೋಲ್ಟ್ ಮೋಟಾರು. ಮೃಗಶಿರಾ ಮಳೆ ಹಿಡಿಯುವ ಮೊದಲೇ ಪೆಟ್ಟಿಗೆಯನ್ನು ಒಳಗೆ ಎಳೆದು, ಗಾಡಿಯನ್ನು ಅಡಿಕೆ ತೋಟದ ಅಂಚಿನ ಶೀಟಿನ ಮಾಡಿನ ಕೆಳಗೆ ನಿಲ್ಲಿಸಿದ್ದೆವು. ಈಗ ದಸರಾ ರಜೆಗೆ ಹೊರಡಬೇಕು. ಗುಂಡಿ ಒತ್ತಿದರೆ ಮುಂದಿನ ಬದಿ ಎರಡು ಬೆರಳಿನಷ್ಟು ಹೊರಬರುತ್ತದೆ, ಹಿಂದಿನ ಬದಿ ಕದಲುವುದೇ ಇಲ್ಲ. ಕಟಕಟ ಸದ್ದಾಗಿ ನಿಲ್ಲುತ್ತದೆ. ಸುತ್ತಲಿನ ರಬ್ಬರ್ ಬೀಡಿಂಗ್ ಗೋಡೆಗೆ ಅಂಟಿದೆ, ಒಳಗೆ ಬೂಷ್ಟಿನ ವಾಸನೆ ಇದೆ. ಹಳಿಗೆ ಗ್ರೀಸ್ ತುಂಬಿ ನಾಲ್ಕು ಜನ ಸೇರಿ ಎಳೆಯಿರಿ ಎಂದು ಊರಿನ ಒಬ್ಬ ಮೆಕ್ಯಾನಿಕ್ ಹೇಳಿದರು. ಎಳೆಯಬಹುದೇ?

ಉತ್ತರ, ಶಿವಮೊಗ್ಗದಿಂದ

ದಯವಿಟ್ಟು ಎಳೆಯಬೇಡಿ, ಹೊರಬಿಡುವ ಗುಂಡಿಯನ್ನೂ ಈಗ ಮತ್ತೆ ಒತ್ತಬೇಡಿ. ಒಂದು ಬದಿ ಓಡಿ ಇನ್ನೊಂದು ನಿಂತರೆ ಪೆಟ್ಟಿಗೆ ಚೌಕಟ್ಟಿನೊಳಗೆ ಓರೆಯಾಗಿ ಕಚ್ಚಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಬಲ ಹಾಕಿದಷ್ಟೂ ಹಳಿಯ ಹಲ್ಲು ಸವೆಯುತ್ತದೆ. ಹಲ್ಲು ಹೋದರೆ ಹಳಿಯನ್ನೇ ಬದಲಿಸಬೇಕು, ಅದು ನಮ್ಮ ಕಡೆ ಸುಲಭಕ್ಕೆ ಸಿಗುವ ವಸ್ತುವಲ್ಲ.

ಗ್ರೀಸ್ ಅಂತೂ ಬೇಡವೇ ಬೇಡ. ಕೆಮ್ಮಣ್ಣಿನ ಧೂಳು ಅದರಲ್ಲಿ ಸೇರಿ ಹಳಿಯನ್ನು ಅರೆಯುತ್ತದೆ.

ಮೊದಲು ಮಲ್ಟಿಮೀಟರ್ ಹಿಡಿಯಿರಿ. ಗಾಡಿ ಸುಮ್ಮನೆ ನಿಂತಿದ್ದಾಗ ಬ್ಯಾಟರಿಯಲ್ಲಿ ಎಷ್ಟು ವೋಲ್ಟ್ ಇದೆ? ಪೂರ್ತಿ ಚಾರ್ಜ್ ಆದ ಸೀಸದ ಬ್ಯಾಟರಿ 12.6ರಿಂದ 12.7 ತೋರಿಸಬೇಕು. ಆಮೇಲೆ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ಸಿಗೂ ಇನ್ನೊಂದನ್ನು ಸ್ಲೈಡ್‌ಔಟಿನ ಅರ್ಥ್ ತಂತಿಯ ತುದಿಗೂ ಇಟ್ಟು, ಯಾರಾದರೂ ಗುಂಡಿಯನ್ನು ಒಳಗೆಳೆಯುವ ಕಡೆಗೆ ಒಂದು ಕ್ಷಣ ಒತ್ತಲಿ. ಅರ್ಧ ವೋಲ್ಟಿಗಿಂತ ಹೆಚ್ಚು ಬಂದರೆ ಅರ್ಥ್ ಕೆಟ್ಟಿದೆ. ಹಿಂದಿನ ಮೋಟಾರಿನ ಪ್ಲಗ್ಗನ್ನೂ ಬಿಚ್ಚಿ ನೋಡಿ.

ತೀರ್ಥಹಳ್ಳಿ

ಬ್ಯಾಟರಿ 12.1 ತೋರಿಸುತ್ತಿದೆ. ಅರ್ಥ್ ತುದಿಯಲ್ಲಿ ಒಂದು ವೋಲ್ಟಿನ ಹತ್ತಿರ ಬಂತು. ಹಿಂದಿನ ಮೋಟಾರಿನ ಪ್ಲಗ್ಗಿನೊಳಗೆ ಹಸಿರು ಕಿಲುಬು ಕಟ್ಟಿದೆ. ಹಿಂದಿನ ಹಳಿಯ ಮೇಲೂ ನೀಲಿ ಚುಕ್ಕೆಗಳಿವೆ, ಕೆಲವು ಕಡೆ ಲೋಹದಲ್ಲಿ ಸಣ್ಣ ಗುಳಿ ಬಿದ್ದಿದೆ. ಆ ಬದಿ ತೋಟಕ್ಕೆ ಮುಖ ಮಾಡಿದೆ.

ಶಿವಮೊಗ್ಗ

ನೀಲಿ ಚುಕ್ಕೆ ಬೋರ್ಡೋ ದ್ರಾವಣದ್ದು. ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವಾಗ ಗಾಳಿಗೆ ತೂರಿ ಬಂದಿದೆ. ಅದರಲ್ಲಿರುವುದು ಮೈಲುತುತ್ತ ಮತ್ತು ಸುಣ್ಣ. ತಾಮ್ರದ ಲವಣ ತೇವದೊಂದಿಗೆ ಅಲ್ಯೂಮಿನಿಯಂ ಮೇಲೆ ಕೂತರೆ ಲೋಹವನ್ನು ತಿನ್ನುತ್ತದೆ, ಆ ಗುಳಿಗಳು ಅದರಿಂದಲೇ. ಬೇರೆ ಊರಿನವರ ಸಲಹೆಗಳಲ್ಲಿ ಇದು ಸಿಗುವುದಿಲ್ಲ. ತೋಟದ ಪಕ್ಕ ಗಾಡಿ ನಿಲ್ಲಿಸುವ ಮಲೆನಾಡಿನವರೆಲ್ಲ ಇದನ್ನು ಗಮನಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಈಗ ಕೆಲಸ ಹೀಗೆ ನಡೆಯಲಿ. ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ. ಆಮೇಲೆ ಅದರ ಮೈನಸ್ ತಂತಿ ಕಳಚಿ, ಪ್ಲಗ್ಗಿನ ಮತ್ತು ಅರ್ಥ್ ತುದಿಯ ಕಿಲುಬನ್ನು ಕಾಂಟ್ಯಾಕ್ಟ್ ಕ್ಲೀನರ್ ಮತ್ತು ಸಣ್ಣ ಬ್ರಷ್‌ನಿಂದ ತೆಗೆಯಿರಿ. ಅರ್ಥ್ ಬೋಲ್ಟಿನ ಕೆಳಗೆ ಲೋಹ ಹೊಳೆಯುವವರೆಗೆ ಉಜ್ಜಿ ಬಿಗಿಗೊಳಿಸಿ. ಹಳಿಯನ್ನು ಸಾಬೂನು ನೀರಿನ ಬಟ್ಟೆಯಿಂದ ಒರೆಸಿ, ಚೆನ್ನಾಗಿ ಒಣಗಿಸಿ, ಒಣ ಪಿಟಿಎಫ್‌ಇ (ಟೆಫ್ಲಾನ್) ಸ್ಪ್ರೇಯನ್ನು ತೆಳುವಾಗಿ ಹೊಡೆಯಿರಿ.

ಬೀಡಿಂಗ್ ವಿಷಯದಲ್ಲಿ ತಾಳ್ಮೆ ಬೇಕು. ಉಗುರುಬೆಚ್ಚಗಿನ ಸಾಬೂನು ನೀರು ಬಿಟ್ಟು, ಹಳೆಯ ಎಟಿಎಂ ಕಾರ್ಡಿನಂಥ ತೆಳು ಪ್ಲಾಸ್ಟಿಕ್ಕನ್ನು ಸುತ್ತಲೂ ಆಡಿಸುತ್ತ ಬಿಡಿಸಿ. ಚಾಕು, ಸ್ಕ್ರೂಡ್ರೈವರ್ ತಾಗಿಸಬೇಡಿ. ಸೀಮೆಎಣ್ಣೆ, ಡೀಸೆಲ್, ಎಂಜಿನ್ ಎಣ್ಣೆ ಯಾವುದೂ ಬೇಡ. ಈ ಬೀಡಿಂಗ್ ಸಾಮಾನ್ಯವಾಗಿ ಇಪಿಡಿಎಂ ರಬ್ಬರಿನದು, ಪೆಟ್ರೋಲಿಯಂ ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ. ಒಣಗಿದ ಮೇಲೆ ಸಿಲಿಕೋನ್ ಸ್ಪ್ರೇಯನ್ನು ಬಟ್ಟೆಗೆ ಹೊಡೆದು ಸವರಿ.

ಆಮೇಲೆ ಪ್ಲಗ್ಗನ್ನೂ ಬ್ಯಾಟರಿಯ ಮೈನಸ್ ತಂತಿಯನ್ನೂ ಮತ್ತೆ ಜೋಡಿಸಿ, ಗಾಡಿಯನ್ನು ರಸಮಟ್ಟ ಇಟ್ಟು ಸಮ ಮಾಡಿ, ಮೊದಲು ಒಳಗೆಳೆಯುವ ಗುಂಡಿಯನ್ನೇ ಒತ್ತಿ. ಎರಡೂ ಮೋಟಾರುಗಳು ತಾವಾಗಿ ನಿಲ್ಲುವವರೆಗೆ ಬೆರಳು ತೆಗೆಯಬೇಡಿ. ಎರಡು ಬದಿಯೂ ಒಂದೇ ಸಾಲಿಗೆ ಬಂದ ನಂತರ ಹೊರಗೆ ಬಿಡಿ. ತುದಿ ಮುಟ್ಟಿದ ಮೇಲೂ ಹಾಗೆಯೇ ಒತ್ತಿ ಹಿಡಿಯಿರಿ, ಸ್ವಲ್ಪ ಒಳಗೆ ತಂದು ಮತ್ತೆ ಹೊರಗೆ ಬಿಡಿ. ಎರಡೂ ಒಟ್ಟಿಗೆ ನಿಲ್ಲುವವರೆಗೆ ಹೀಗೆ ಮಾಡಿ. ಆಗಲೂ ಹಿಂದಿನ ಬದಿ ಕದಲದಿದ್ದರೆ ಆ ಮೋಟಾರನ್ನು ಬಿಚ್ಚಲೇಬೇಕು.

ಸಾಗರದಿಂದ

ನಡುವೆ ಬಂದದ್ದಕ್ಕೆ ಕ್ಷಮಿಸಿ. ಮಳೆಗಾಲದಲ್ಲಿ ಪೆಟ್ಟಿಗೆಯನ್ನು ಅರ್ಧ ಹೊರಗೆ ಬಿಟ್ಟರೆ ಗಾಳಿಯಾಡಿ ಬೂಷ್ಟು ಬರುವುದಿಲ್ಲ, ಬೀಡಿಂಗೂ ಅಂಟುವುದಿಲ್ಲ ಅಲ್ಲವೇ? ನಮ್ಮ ಮನೆಯಲ್ಲಿ ಹಾಗೇ ಮಾಡುವ ಯೋಚನೆ ಇದೆ.

ಶಿವಮೊಗ್ಗ

ಬೇಡ ಮಾರಾಯರೇ. ಬೀಡಿಂಗ್ ಸರಿಯಾಗಿ ಕೂರುವುದು ಪೂರ್ತಿ ಒಳಗೆ ಅಥವಾ ಪೂರ್ತಿ ಹೊರಗೆ ಇದ್ದಾಗ ಮಾತ್ರ. ನಡುವೆ ನಿಲ್ಲಿಸಿದರೆ ಇರಚಲು ನೇರ ಒಳಗೆ ಬರುತ್ತದೆ. ಪೂರ್ತಿ ಹೊರಗೆ ಬಿಟ್ಟರೂ ಪೆಟ್ಟಿಗೆಯ ಚಾವಣಿಯ ಮೇಲೆ ಎಲೆ ಕೊಳೆತು ನೀರು ನಿಲ್ಲುತ್ತದೆ, ಹಳಿ ತಿಂಗಳುಗಟ್ಟಲೆ ನೆನೆಯುತ್ತದೆ. ಬಳಸದೆ ನಿಂತ ಗಾಡಿಯ ಸ್ಲೈಡ್‌ಔಟ್ ಒಳಗೇ ಇರಬೇಕು.

ಅಮೆರಿಕದಲ್ಲಿ ಬರೆದ ಕೈಪಿಡಿಗಳು ಹೆಚ್ಚಾಗಿ ಚಳಿಗಾಲಕ್ಕೆ, ಕೊಳವೆಯಲ್ಲಿ ನೀರು ಹೆಪ್ಪುಗಟ್ಟದಂತೆ ನೋಡಿಕೊಳ್ಳುವುದಕ್ಕೆ ಬರೆದವು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ನಮ್ಮ ಜಗಳ ತೇವದೊಂದಿಗೆ. ಬೂಷ್ಟಿಗೆ ಪರಿಹಾರ ಪೆಟ್ಟಿಗೆ ತೆರೆಯುವುದರಲ್ಲಿಲ್ಲ. ಚಾವಣಿಯ ಗಾಳಿಕಿಂಡಿಗೆ ಮಳೆ ತಡೆಯುವ ಮುಚ್ಚಳ ಹಾಕಿ ಸ್ವಲ್ಪ ತೆರೆದಿಡಿ. ಹಾಸಿಗೆಯನ್ನು ಹೊರಗೆ ತೆಗೆಯಿರಿ, ಕಪಾಟುಗಳ ಬಾಗಿಲು ತೆರೆದಿರಲಿ. ಕ್ಯಾಲ್ಸಿಯಂ ಕ್ಲೋರೈಡಿನ ತೇವಹೀರುವ ಡಬ್ಬಿಗಳನ್ನು ಇಟ್ಟು, ನೀರು ತುಂಬಿದಾಗ ಚೆಲ್ಲಿ ಬದಲಿಸಿ. ಆ ನೀರು ಲೋಹದ ಮೇಲೆ ಬೀಳಬಾರದು. ತಿಂಗಳಿಗೊಮ್ಮೆ ಹೊಳವಾದ ದಿನ ಸ್ಲೈಡ್‌ಔಟನ್ನು ಪೂರ್ತಿ ಹೊರಗೆ ಬಿಟ್ಟು, ಬೀಡಿಂಗ್ ಒರೆಸಿ, ಚಾವಣಿ ಗುಡಿಸಿ ಒಳಗೆಳೆಯಿರಿ. ಅಂಟುವ ಸಮಸ್ಯೆ ಅಲ್ಲಿಗೆ ಮುಗಿಯಿತು.

ತೀರ್ಥಹಳ್ಳಿ

ಇವತ್ತು ಪೆಟ್ಟಿಗೆ ಹೊರಗೆ ಬಂತು! ಎರಡೂ ಬದಿ ಒಟ್ಟಿಗೇ ನಿಂತವು. ಅರ್ಥ್ ತುದಿಯಲ್ಲಿ ಈಗ 0.1 ವೋಲ್ಟ್ ಮಾತ್ರ. ತುಂಬಾ ಉಪಕಾರವಾಯಿತು. ಇನ್ನೊಂದು ಮಾತು: ಮುಂದಿನ ವರ್ಷ ಸಿಂಪಡಣೆಯ ಹೊತ್ತಿಗೆ ಇಡೀ ಗಾಡಿಗೆ ಟಾರ್ಪಾಲು ಸುತ್ತಿ ಕಟ್ಟಿಬಿಡಲೇ?

ಶಿವಮೊಗ್ಗ

ಬಹಳ ಸಂತೋಷ. ಸುತ್ತಿ ಕಟ್ಟಬೇಡಿ, ಒಳಗಿನ ತೇವ ಹೊರಹೋಗದೆ ಗೋಡೆಯ ಪ್ಲೈವುಡ್ ಉಬ್ಬುತ್ತದೆ. ತೋಟದ ಬದಿಗೆ ಮಾತ್ರ ಮಾಡಿನಿಂದ ಪರದೆ ಇಳಿಬಿಡಿ, ಗಾಡಿಗೂ ಅದಕ್ಕೂ ನಡುವೆ ಒಂದು ಮೊಳ ಜಾಗ ಇರಲಿ, ಸಿಂಪಡಣೆ ಮುಗಿದ ಮೇಲೆ ಎತ್ತಿ ಕಟ್ಟಿ. ನಿಲ್ಲಿಸುವಾಗ ಬ್ಯಾಟರಿಯ ಮೈನಸ್ ತಂತಿ ಕಳಚಿಡಿ, ತಿಂಗಳ ತಪಾಸಣೆಯ ದಿನ ಚಾರ್ಜ್ ಮಾಡಿ. ಮೋಡದ ದಿನಗಳಲ್ಲಿ ಸೋಲಾರ್ ಫಲಕವನ್ನೇ ನಂಬಿ ಕೂರಬೇಡಿ. ಗುಳಿ ಬಿದ್ದ ಹಳಿಯ ಫೋಟೋವನ್ನು ಹಾಕಿ. ಗುಳಿ ಹಲ್ಲಿನವರೆಗೆ ಹೋಗಿದೆಯೋ ಇಲ್ಲವೋ ನೋಡಿ ಹೇಳುತ್ತೇನೆ, ಅಲ್ಲಿಯವರೆಗೆ ದೂರದ ಪ್ರಯಾಣ ಬೇಡ.