ಫೋರ್‌ವೀಲ್ ಟ್ರ್ಯಾಕ್ಟರಿಗೆ ಹಿಂದೆ 13.6-28 ಬದಲು 14.9-28 ಟೈರು: ಮುಂದಿನ ಆಕ್ಸಲ್‌ಗೆ ತೊಂದರೆಯೇ?

ಪ್ರಶ್ನೆ (ಗಂಗಾವತಿ ಭತ್ತದ ಬೆಳೆಗಾರ):
ನಮಸ್ಕಾರ. ನಾವು ಸೆಕೆಂಡ್ ಹ್ಯಾಂಡ್‌ನಲ್ಲಿ ಖರೀದಿಸಿದ 45 ಎಚ್‌ಪಿ ಫೋರ್‌ವೀಲ್ ಡ್ರೈವ್ ಟ್ರ್ಯಾಕ್ಟರಿನ ಕೈಪಿಡಿಯಲ್ಲಿ ಮುಂದೆ 8-18, ಹಿಂದೆ 13.6-28 (ಟೈರಿನ ಅಗಲ ಮತ್ತು ರಿಮ್ಮಿನ ವ್ಯಾಸ, ಇಂಚುಗಳಲ್ಲಿ) ಎಂದಿದೆ, ಆದರೆ ಮೊದಲಿನ ಮಾಲೀಕರು ಹಿಂದಕ್ಕೆ 14.9-28 ಹಾಕಿಸಿದ್ದಾರೆ. ಕೆಸರು ಗದ್ದೆಯಲ್ಲಿ ಕೆಲಸಕ್ಕೆ ಏನೂ ಕೊರತೆಯಿಲ್ಲ. ಭತ್ತದ ಟ್ರೇಲರ್ ಎಳೆದುಕೊಂಡು ಡಾಂಬರು ರಸ್ತೆಗೆ ಹತ್ತಿದ ಮೇಲೆ ಮಾತ್ರ ಫೋರ್‌ವೀಲ್ ಲಿವರ್ ಬಿಗಿದುಕೊಳ್ಳುತ್ತದೆ, ತುಸು ರಿವರ್ಸ್ ತೆಗೆದುಕೊಂಡರಷ್ಟೇ ಬಿಡುತ್ತದೆ. ಮುಂದಿನ ಟೈರುಗಳ ಹಲ್ಲುಗಳೂ ಬೇಗ ಸವೆಯುತ್ತಿವೆ. ಟೈರು ಅಂಗಡಿಯವರು "ಒಂದು ಸೈಜ್ ದೊಡ್ಡದು ಅಷ್ಟೇ, ಹಿಡಿತ ಜಾಸ್ತಿ" ಎನ್ನುತ್ತಾರೆ. ತಿಳಿದವರು ದಯವಿಟ್ಟು ಹೇಳಿ.

ಉತ್ತರ 1 (ಟ್ರ್ಯಾಕ್ಟರ್ ಮೆಕ್ಯಾನಿಕ್):
ಇಂತಹ ಟ್ರ್ಯಾಕ್ಟರುಗಳಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್ (ಎರಡೂ ಬೇರೆಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು ಜೋಡಣೆ) ಇರುವುದಿಲ್ಲ. ಲಿವರ್ ಹಾಕಿದೊಡನೆ ಎರಡೂ ಗೇರುಗಳ ಮೂಲಕ ಬಿಗಿಯಾಗಿ ಜೋಡಿಕೊಳ್ಳುತ್ತವೆ. ಹಿಂದಿನ ಗಾಲಿ ಒಂದು ಸುತ್ತು ತಿರುಗಿದಾಗ ಮುಂದಿನ ಗಾಲಿ ಎಷ್ಟು ಸುತ್ತಬೇಕೆಂಬುದನ್ನು ಕಂಪನಿಯವರು ಟೈರಿನ ಉರುಳು ಸುತ್ತಳತೆಯನ್ನು (ಒಂದು ಸುತ್ತಿಗೆ ಅದು ಸಾಗುವ ದೂರವನ್ನು) ಲೆಕ್ಕ ಹಾಕಿಯೇ ನಿಗದಿಪಡಿಸಿರುತ್ತಾರೆ, ಮತ್ತು ಮುಂದಿನ ಗಾಲಿ ನೆಲದ ಮೇಲೆ ಶೇ. 1ರಿಂದ 5ರಷ್ಟು ಮುಂದಾಗಿ ಓಡುವಂತೆ ಇಟ್ಟಿರುತ್ತಾರೆ. ಮೆದು ಮಣ್ಣಿನಲ್ಲಿ ಗಾಲಿಗಳು ಜಾರುವುದರಿಂದ ಈ ವ್ಯತ್ಯಾಸ ಕರಗಿಹೋಗುತ್ತದೆ. ಡಾಂಬರಿನ ಮೇಲೆ ಜಾರಲು ಆಸ್ಪದವಿಲ್ಲದ ಕಾರಣ ಒತ್ತಡವೆಲ್ಲ ಶಾಫ್ಟು, ಗೇರುಗಳಲ್ಲಿ ಸೇರಿಕೊಂಡು ಲಿವರ್ ಹಿಡಿಯುತ್ತದೆ. ಹಾಗಾಗಿ ಸರಿಯಾದ ಟೈರುಗಳಿದ್ದರೂ ಗಟ್ಟಿ ರಸ್ತೆಯ ಮೇಲೆ ಫೋರ್‌ವೀಲ್ ಹಾಕಿಕೊಂಡು ಓಡಿಸಬಾರದು. ಲಿವರ್ ಬಿಗಿಯುವುದಷ್ಟರಿಂದಲೇ ಟೈರಿನದು ತಪ್ಪೆನ್ನಲು ಬರುವುದಿಲ್ಲ.

ಆದರೂ ತಮ್ಮ ಸಂಶಯಕ್ಕೆ ಆಧಾರವಿದೆ. 14.9-28ರ ಸುತ್ತಳತೆ 13.6-28ಕ್ಕಿಂತ ಸುಮಾರು ಶೇ. 4ರಷ್ಟು ಹೆಚ್ಚು. ಮೊದಲು ಮುಂದಿನ ಗಾಲಿ ಶೇ. 3ರಷ್ಟು ಮುಂದಿದ್ದರೆ, ಈಗ ಅದು ಹಿಂದೆ ಬಿದ್ದಿರುತ್ತದೆ. ಅಂದರೆ ಮುಂದಿನ ಗಾಲಿ ಎಳೆಯುವ ಬದಲು ಹಿಂದಿನ ಗಾಲಿಯ ನೂಕಿಗೆ ಬ್ರೇಕಿನಂತೆ ಅಡ್ಡ ನಿಲ್ಲುತ್ತದೆ. ಪರೀಕ್ಷಿಸುವುದು ಸುಲಭ: ಎಲ್ಲ ಟೈರುಗಳಿಗೂ ಕೈಪಿಡಿಯಲ್ಲಿರುವಷ್ಟೇ ಗಾಳಿ ಹಾಕಿಸಿ, ಎರಡೂ ಟೈರುಗಳ ಮೇಲೆ ಸುಣ್ಣದ ಗುರುತು ಮಾಡಿ, ಒಣಗಿದ ಹೊಲದಲ್ಲಿ ಟ್ರೇಲರ್ ಇಲ್ಲದೆ ನೇರವಾಗಿ ಓಡಿಸಿ, ಹಿಂದಿನ ಗಾಲಿ 10 ಸುತ್ತು ತಿರುಗುವಷ್ಟರಲ್ಲಿ ಮುಂದಿನದು ಎಷ್ಟು ಸುತ್ತಿತು ಎಂದು ಲಿವರ್ ಬಿಟ್ಟು ಒಮ್ಮೆ, ಹಾಕಿ ಒಮ್ಮೆ ಎಣಿಸಿ. ಕೊನೆಯ ಅರೆಸುತ್ತನ್ನು ಟೈರಿನ ಹಲ್ಲುಗಳ ಲೆಕ್ಕದಲ್ಲಿ ಹಿಡಿಯಿರಿ. ಲಿವರ್ ಹಾಕಿದಾಗ ಸುತ್ತು ಹೆಚ್ಚಾಗಬೇಕು.

ಪ್ರಶ್ನೆ ಕೇಳಿದವರು:
ತಾವು ಹೇಳಿದಂತೆ ಎಣಿಸಿದೆವು. ಲಿವರ್ ಬಿಟ್ಟಾಗ 17 ಸುತ್ತಿನ ಮೇಲೆ ಹತ್ತಿರಹತ್ತಿರ ಅರ್ಧ, ಹಾಕಿದಾಗ 17 ಸುತ್ತಿನ ಮೇಲೆ ಕಾಲು ಭಾಗ ಬಂತು. ಮುಂದಕ್ಕೆ ಹೊಸ ಟೈರು ಹಾಕಿಸಿದರೆ ಸರಿಹೋಗುವುದೇ?

ಉತ್ತರ 1:
ಹೆಚ್ಚಾಗಬೇಕಾದದ್ದು ಕಡಿಮೆಯಾಗಿದೆ, ಸಂಶಯಕ್ಕೆ ಇನ್ನು ಎಡೆಯಿಲ್ಲ. ಸವೆದ ಟೈರಿನ ಜಾಗಕ್ಕೆ ಅದೇ ಅಳತೆಯ ಹೊಸದು ಬಂದರೆ ಸುತ್ತಳತೆ ಕೊಂಚ ಹೆಚ್ಚಿ ಅಂತರ ತಗ್ಗಬಹುದು, ಆದರೆ ಅದೂ ಸವೆದಂತೆ ತೊಂದರೆ ಮರಳುತ್ತದೆ. ಮುಂದಕ್ಕೆ ದೊಡ್ಡ ಅಳತೆ ಹುಡುಕುವುದಾದರೆ ರಿಮ್, ಭಾರ ತಡೆಯುವ ಶಕ್ತಿ, ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಬಾನೆಟ್‌ಗೆ ತಾಗದಿರುವುದು, ಎಲ್ಲವನ್ನೂ ನೋಡಬೇಕಾಗುತ್ತದೆ. ನನ್ನ ಅಭಿಪ್ರಾಯದಲ್ಲಿ 14.9 ಟೈರುಗಳಿಗೆ ಬೆಲೆ ಬರುವಾಗಲೇ ಮಾರಿ 13.6ಕ್ಕೆ ಮರಳುವುದು ಒಳ್ಳೆಯದು.

ಉತ್ತರ 2 (ಸಕಲೇಶಪುರದ ಕಾಫಿ ತೋಟದಿಂದ):
ಎಟಿವಿ (ಕಚ್ಚಾ ದಾರಿಯಲ್ಲಿ ಓಡುವ ನಾಲ್ಕು ಗಾಲಿಯ ಚಿಕ್ಕ ಗಾಡಿ) ಇಟ್ಟುಕೊಂಡವರಿಗೂ ಈ ಮಾತು ಅನ್ವಯಿಸುತ್ತದೆ, ಆದರೆ ಕೆಲವು ಗಾಡಿಗಳಲ್ಲಿ ಲೆಕ್ಕ ತಿರುವುಮುರುವು. ಹಿಂದಿನ ಗಾಲಿ ಜಾರಿದಾಗ ಮಾತ್ರ ರೋಲರ್ ಕ್ಲಚ್ ಹಿಡಿದು ಮುಂದಿನ ಗಾಲಿಗೆ ಶಕ್ತಿ ಕೊಡುವ ಬಗೆಯವುಗಳಲ್ಲಿ ಮುಂದಿನ ಡ್ರೈವ್ ಬೇಕೆಂದೇ ನಿಧಾನವಾಗಿರುತ್ತದೆ. ಮುಂದಕ್ಕೆ ಚಿಕ್ಕ ಟೈರು ಹಾಕಿದರೆ ಕ್ಲಚ್ ತಡವಾಗಿ ಹಿಡಿಯುತ್ತದೆ. ತೀರಾ ದೊಡ್ಡದು ಹಾಕಿದರೆ ಬೇಡದ ಕಡೆಯೂ ಹಿಡಿಯುವ ಸಂಭವವಿದೆ. ಮುಂದೆ 25×8-12, ಹಿಂದೆ 25×10-12 ಎಂದಿದ್ದರೆ ಗಾಬರಿ ಬೇಡ, ಅಲ್ಲಿ ಅಗಲ ಮಾತ್ರ ಬೇರೆ, ಎತ್ತರ ಎರಡಕ್ಕೂ 25 ಇಂಚೇ. ಬೇರೆಬೇರೆ ಕಂಪನಿಯ ಟೈರುಗಳನ್ನು ಬೆರೆಸುವವರು ಮಾತ್ರ ಟೈರಿನ ಮೇಲೆ ಬರೆದದ್ದನ್ನು ನಂಬದೆ ಟೇಪು ಹಿಡಿದು ಅಳೆಯಬೇಕು.